ಅಳದೆ ಹೋದವಳು

ಜ್ಯೂರಿಕ್ ಪಟ್ಟಣದಲ್ಲಿ ನಾನು ಟ್ರಾಮ್ ಓಡಿಸುತ್ತೇನೆ. ಟ್ರಾಮಿಗೆ ಸ್ಟೇರಿಂಗ್ ಇರುವುದಿಲ್ಲ. ಹಳಿ ಹೋದತ್ತ ಹೋಗುವುದು, ನಿಲ್ದಾಣ ಬಂದಲ್ಲಿ ನಿಲ್ಲುವುದು, ಯಾರಾದರೂ ಅಡ್ಡ ಬಂದರೆ ಗಂಟೆ ಬಾರಿಸುವುದು, ಇಷ್ಟೇ ಕೆಲಸ. ಇಂಥವಳು ಗೋವಾದಲ್ಲಿ ಕಾರು ಬಾಡಿಗೆಗೆ ಹಿಡಿದು ಒಬ್ಬಳೇ ಅಣಶಿ ಘಟ್ಟ ಹತ್ತಲು ಹೊರಟಳೆಂದರೆ ಯಾರಿಗಾದರೂ ನಗು ಬರಬೇಕು. ನನ್ನ ಮಗನಿಗೂ ಬಂತು. "ಅಮ್ಮಾ, ಅದು ಪರದೇಶ. ಅಲ್ಲಿನ ಎಮ್ಮೆಗಳಿಗೆ ನಿನ್ನ ಗಂಟೆ ಅರ್ಥವಾಗುವುದಿಲ್ಲ" ಎಂದು ಫೋನಿನಲ್ಲಿ ಕಿಚಾಯಿಸಿದ.

ಪರದೇಶವೇ, ಇಲ್ಲ ಅನ್ನುವಂತಿಲ್ಲ. ನನ್ನ ಪಾಸ್‌ಪೋರ್ಟು ಸ್ವಿಸ್. ಆದರೆ ನಾನು ಹುಟ್ಟಿದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ. ಆಗಲೂ ಕಾಗದಪತ್ರದಲ್ಲಿ ನಾವು ವಿದೇಶಿಯರೇ ಆಗಿದ್ದೆವು. ಈಗ ಹುಟ್ಟಿದ ಊರಿಗೆ ಹೋಗಲು ಸರ್ಕಾರದ ಪರವಾನಗಿ ಕೇಳಿದೆ, ಕೊಟ್ಟರು, ಪುಣ್ಯ. ಅಲ್ಲಿಗೆ ಆಗಲೂ ಪರದೇಶಿ, ಈಗಲೂ ಪರದೇಶಿ. ಒಂದು ವಿಷಯದಲ್ಲಾದರೂ ನಾನು ಬದಲಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೊರಟಿದ್ದು ಭೀಮಿಬಾಯಿಯನ್ನು ನೋಡಲು. ದೀಪಾವಳಿ ಮುಗಿಯುತ್ತಲೇ ನಮ್ಮ ಜನ ಸ್ವೆಟರ್ ಗಂಟು ಕಟ್ಟಿಕೊಂಡು ಊರೂರಿಗೆ ಮಾರಲು ಹೋಗುತ್ತಿದ್ದರು. ಅಪ್ಪ ಅಮ್ಮ ದಾಂಡೇಲಿ, ಬೆಳಗಾವಿ, ಮುಂಬಯಿ ಎಂದು ಚಳಿಗಾಲ ಪೂರ್ತಿ ಹೊರಗೆ. ನನ್ನನ್ನು ಹಾಸ್ಟೆಲಿಗೆ ಹಾಕಿದರೆ ಓಡಿ ಬರುತ್ತಿದ್ದೆ. ಕೊನೆಗೆ ಬೇಸತ್ತು ಕ್ಯಾಂಪಿನ ಹಿಂದಿದ್ದ ಲಂಬಾಣಿ ತಾಂಡಾದಲ್ಲಿ, ಭೀಮಿಬಾಯಿಯ ಮನೆಯಲ್ಲಿ ಬಿಡತೊಡಗಿದರು. ಆಕೆ ಮತ್ತು ಆಕೆಯ ಗಂಡ ಥಾವರೆಪ್ಪ ನಮ್ಮ ಗೋವಿನಜೋಳದ ಹೊಲಕ್ಕೆ ಕೂಲಿಗೆ ಬರುತ್ತಿದ್ದವರು. ನನ್ನ ಹೆಸರು ಡೋಲ್ಕರ್. ನಮ್ಮ ಭಾಷೆಯಲ್ಲಿ ಅದು ಬಿಳಿ ತಾರಾದೇವಿಯ ಹೆಸರು. ತಾಂಡಾದವರ ಬಾಯಲ್ಲಿ ಅದು ಒಂದೇ ದಿನದಲ್ಲಿ ಡೋಲಕಿ ಆಯಿತು. ದೇವಿಯಾಗಿ ಹೋದವಳು ವಾದ್ಯವಾಗಿ ಮನೆಗೆ ಮರಳಿದೆ. ಅಮ್ಮ ತಿದ್ದಲು ನೋಡಿ ಸೋತಳು.

ಕನ್ನಡ ಅಕ್ಷರ ಕಲಿಸಿದ್ದು ಶಾಲೆಯ ಮಾಸ್ತರರು, ಮಾತು ಕಲಿಸಿದ್ದು ಭೀಮಿಬಾಯಿ. ತಾಂಡಾದ ಮಕ್ಕಳಂತೆ ನಾನೂ ಅವಳನ್ನು ಯಾಡಿ ಎನ್ನುತ್ತಿದ್ದೆ. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ. ನನ್ನ ಹೆತ್ತ ತಾಯಿಗೆ ಇದು ಹಿಡಿಸುತ್ತಿರಲಿಲ್ಲ, ಆದರೆ ಮಗಳು ದುಂಡಗಾಗಿದ್ದಾಳೆಂದು ಸುಮ್ಮನಿದ್ದಳು.

ತಾಂಡಾದಲ್ಲಿ ಒಂದು ಪದ್ಧತಿಯಿತ್ತು. ಹೊರಗಿನವರು ಬಂದರೆ ಕೂಡಿಸಿ ನೀರು, ಚಹಾ ಕೊಡುತ್ತಾರೆ. ಮನೆಯ ಮಗಳು ಬಹಳ ದಿನದ ಮೇಲೆ ಬಂದರೆ ಮಾತ್ರ ಚಹಾ ಆಮೇಲೆ. ಮೊದಲು ಹೆಂಗಸರು ಅವಳ ಕುತ್ತಿಗೆ ತಬ್ಬಿಕೊಂಡು, ಹೆಗಲ ಮೇಲೆ ತಲೆಯಿಟ್ಟು, ರಾಗವಾಗಿ ಅಳುತ್ತಾರೆ. ಆ ಅಳುವಿನಲ್ಲೇ ಊರ ಸುದ್ದಿಯೆಲ್ಲ ಬರುತ್ತದೆ. ಯಾರು ಹೋದರು, ಯಾರು ಹುಟ್ಟಿದರು, ಯಾವ ಆಕಳು ಕರು ಹಾಕಿತು ಎಂಬುದರವರೆಗೆ. ಮಗಳು ಊರು ಬಿಟ್ಟು ಹೋಗುವಾಗಲೂ ಹೀಗೆಯೇ. ಆಗ ಹೋಗುವವಳೂ ತಿರುಗಿ ಅಳಬೇಕು. ಅಂಗಳಕ್ಕೆ, ಒಲೆಗೆ, ಹೊಸ್ತಿಲಿಗೆ ಹೋಗಿ ಬರುತ್ತೇನೆಂದು ಹೇಳಿ ಅಳಬೇಕು. ಮೊದಮೊದಲು ನಾನು ಯಾರೋ ಸತ್ತರೆಂದು ಹೆದರಿ ಹೊಲಕ್ಕೆ ಓಡುತ್ತಿದ್ದೆ. ಆಮೇಲೆ ಅದೇ ರಾಗದಲ್ಲಿ ಗೊಂಬೆಗಳನ್ನು ಗಂಡನ ಮನೆಗೆ ಕಳಿಸುವಷ್ಟು ಪಳಗಿದೆ.

ಹದಿಮೂರು ತುಂಬಿದಾಗ ಸ್ವಿಟ್ಜರ್‌ಲೆಂಡಿನಲ್ಲಿದ್ದ ಚಿಕ್ಕಮ್ಮ ನನ್ನನ್ನು ಕರೆಸಿಕೊಂಡಳು. ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಭೀಮಿಬಾಯಿ ಹೊಲದಿಂದಲೇ ಓಡಿ ಬಂದು ನನ್ನ ಕುತ್ತಿಗೆ ತಬ್ಬಿ ಶುರುಮಾಡಿದಳು. ಅಮ್ಮನ ಮುಖ ಬಿಳಿಚಿಕೊಂಡಿತು. ನಮ್ಮವರಲ್ಲಿ ಹೊರಡುವವರ ಎದುರು ಅಳುವುದು ಅಪಶಕುನ. ಬಿಳಿ ಶಾಲು ಹಾಕಿ, ನಕ್ಕು ಕಳಿಸಬೇಕು. "ಯಾರು ಸತ್ತರೀಗ? ನೀನು ಒಂದು ಹನಿ ಕಣ್ಣೀರು ಹಾಕಕೂಡದು" ಎಂದು ಅಮ್ಮ ಟಿಬೆಟನ್‌ನಲ್ಲಿ ಗದರಿದಳು. ನಾನು ತುಟಿ ಕಚ್ಚಿ ನಿಂತೆ. ಭೀಮಿಬಾಯಿ ತನ್ನ ಪಾಲಿನದನ್ನು ಅತ್ತು ಮುಗಿಸಿ, ನನ್ನ ಸರದಿಗಾಗಿ ಕಾದಳು. ನನ್ನ ಮುಖವನ್ನೇ ನೋಡುತ್ತ ಕಾದಳು. ಬಸ್ಸು ಬಂತು.

ಆಮೇಲೆ ಜ್ಯೂರಿಕ್‌ಗೆ ನನ್ನ ಹತ್ತಿರವೇ ಬಂದಿದ್ದ ಅಮ್ಮ ಹೋದ ವರ್ಷ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಒಮ್ಮೆ ಇದ್ದಕ್ಕಿದ್ದಂತೆ, "ಆ ಹೆಂಗಸಿಗೆ ನೀನು ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಆದರೂ ಅಷ್ಟು ಅತ್ತಳಲ್ಲ" ಎಂದಳು. ನನಗೆ ಆಸ್ಪತ್ರೆಯ ಕಿಟಕಿಯಲ್ಲಿ ಆ ಬಸ್ ಸ್ಟಾಪು ಕಂಡಿತು. ಕ್ಯಾಂಪಿನ ಹಳೆಯ ಗೆಳತಿಗೆ ಫೋನ್ ಮಾಡಿದೆ. ಭೀಮಿಬಾಯಿ ಇದ್ದಾಳೆ, ಕಣ್ಣು ಮಾತ್ರ ಮಂಜಾಗಿದೆ ಎಂದಳು. ಹೀಗಾಗಿ ಬಂದೆ. ಅವಳು ನನ್ನ ಕುತ್ತಿಗೆ ತಬ್ಬಿ ಅಳುತ್ತಾಳೋ, ಕೂಡಿಸಿ ಚಹಾ ಕೊಡುತ್ತಾಳೋ? ಇದೊಂದೇ ನನಗೆ ತಿಳಿಯಬೇಕಿತ್ತು. ಮಿಕ್ಕ ಕಾಡು, ನದಿ, ಹುಲಿಯ ಫೋಟೋ ಇರುವ ಬೋರ್ಡು ಎಲ್ಲ ದಾರಿಯಲ್ಲಿ ಪುಕ್ಕಟೆ ಸಿಕ್ಕವು.

ಅಣಶಿ ಘಟ್ಟದಲ್ಲಿ ಒಂದೊಂದು ತಿರುವಿಗೂ ಒಂದೊಂದು ದೇವರನ್ನು ನೆನೆದೆ. ನಮ್ಮಲ್ಲಿ ದೇವರಿಗೇನೂ ಬರವಿಲ್ಲ, ಸಾಕಾದರು. ಘಟ್ಟ ಮುಗಿದು ಜೋಯಿಡಾ ಹತ್ತಿರವಾದಾಗ ನೆರಳು ನೋಡಿ ಕಾರು ನಿಲ್ಲಿಸಿದೆ. ಎದುರಾದಾಗ ಅಳಲು ಬರದಿದ್ದರೆ ಏನು ಗತಿ, ಒಮ್ಮೆ ಅಭ್ಯಾಸ ಮಾಡಿ ನೋಡೋಣ ಅನ್ನಿಸಿತು. ಗಾಜು ಏರಿಸಿ, ಸ್ಟೇರಿಂಗನ್ನೇ ತಬ್ಬಿಕೊಂಡು, ರಾಗ ತೆಗೆದೆ. ಬಂದವರನ್ನು ತಬ್ಬಿ ಅಳುವ ಹಾಡಿನ ಒಂದು ಸಾಲೂ ನೆನಪಿಗೆ ಬರಲೊಲ್ಲದು. ಏನೋ ಒಂದಷ್ಟು ಸಾಲು ತಾವಾಗಿ ಬಂದವು, ಅವನ್ನೇ ಹಿಡಿದು ಎಳೆದೆ.

ಗಾಜು ಬಡಿದ ಸದ್ದಾಯಿತು. ಹೊರಗೆ ಗುಂಗುರು ಕೂದಲಿನ, ಎತ್ತರದ ಸಿದ್ದಿ ಗಂಡಸೊಬ್ಬ ನೀರಿನ ಬಾಟಲಿ ಹಿಡಿದು ನಿಂತಿದ್ದ. ಹಿಂದೆ ಅವನ ಜೀಪು. "ಮೇಡಂ, ಮೇಡಂ, ವಾಟರ್? ಪ್ರಾಬ್ಲೆಮ್? ಚೈನಾ? ಜಪಾನ್?" ಎಂದು ಒಂದೇ ಉಸಿರಿಗೆ ಕೇಳಿದ.

ಮೂಗು ಒರೆಸಿಕೊಂಡು ಗಾಜು ಇಳಿಸಿದೆ. "ಜಪಾನ್ ಅಲ್ರಿ ಅಣ್ಣಾರ, ಮುಂಡಗೋಡ" ಎಂದೆ.

ಅವನು ಜೀಪಿನ ಬಾನೆಟ್ ಬಡಿದು ಬಡಿದು ನಕ್ಕ. "ಅಯ್ಯ ನಿಮ್ಮ! ದಿನಾ ನಂಗ ಟೂರಿಸ್ಟ್ ಮಂದಿ ಇಂಗ್ಲಿಷ್‌ನಾಗ ಕೇಳ್ತಾರ್ರಿ, ಯಾವ ದೇಶ, ಆಫ್ರಿಕಾ ಏನು ಅಂತ. ಇಲ್ರಿ, ಜೋಯಿಡಾ ಅಂತ ಹೇಳಿ ಹೇಳಿ ಬಾಯಿ ಸೋತೈತಿ. ಇವತ್ತ ನಾನ ಆ ತಪ್ಪ ಮಾಡಿದ್ನಿ ನೋಡ್ರಿ."

"ನಾನೂ ನಿಮ್ಮನ್ನ ನೋಡಿ ಇಂಗ್ಲಿಷ್ ತಗೀಬೇಕಂತ ಇದ್ದೆ" ಎಂದೆ. ಸುಳ್ಳು ಯಾಕೆ ಹೇಳಲಿ.

ಅವನ ಹೆಸರು ಬಸ್ತ್ಯಾಂವ. ಪ್ರವಾಸಿಗಳಿಗೆ ಜೀಪು ಓಡಿಸುತ್ತಾನೆ. ನಗು ನಿಂತ ಮೇಲೆ ಮೆಲ್ಲಗೆ, "ಆದ್ರ ಅಳಾಕತ್ತಿದ್ರೆಲ್ಲ ಅಕ್ಕಾರ, ಯಾರರ ಹೋದರೇನು?" ಎಂದು ಕೇಳಿದ.

ನಾನು ಎಲ್ಲ ಹೇಳಿದೆ. ದಾರಿಯಲ್ಲಿ ಸಿಕ್ಕವರ ಹತ್ತಿರ ಹೇಳಿಕೊಳ್ಳುವುದು ಯಾಕೋ ಸುಲಭ. ಅವನು ಬಾಟಲಿಯ ಮುಚ್ಚಳ ತಿರುವುತ್ತ ಕೇಳಿಸಿಕೊಂಡ. "ನೀವು ಅಳೂದು ಕಲಿಯಾಕ ಹೋಗಬ್ಯಾಡ್ರಿ. ಅದು ಬಂದ್ರ ಬಂತು. ಆ ಮುಂದಿನ ಟಾಯರ್‌ನ್ಯಾಗ ಗಾಳಿ ಕಡಿಮಿ ಐತಿ, ಅದನ್ನ ಮಾತ್ರ ದಾಂಡೇಲ್ಯಾಗ ಹಾಕಿಸ್ಕೊರ್ರಿ" ಎಂದ.

ದಾಂಡೇಲಿಯಲ್ಲಿ ಗಾಳಿ ಹಾಕಿಸಿಕೊಂಡು, ಅಂಬೇವಾಡಿಯ ಕಡೆಗೂ ಹೋಗಿ ಬಂದೆ. ಒಂದು ಚಳಿಗಾಲ ಅಪ್ಪ ಅಲ್ಲಿ ರಸ್ತೆ ಬದಿ ತಾಡಪತ್ರಿ ಹಾಸಿ ಸ್ವೆಟರ್ ಮಾರಿದ್ದ. ಕಾಗದದ ಗಿರಣಿಯ ಕೆಲಸ ಬಿಟ್ಟು ಬರುವವರು ಸೈಕಲ್ ನಿಲ್ಲಿಸಿ, ಸ್ವೆಟರನ್ನು ಮೈಗೆ ಹಿಡಿದು ನೋಡಿ, "ಭಾಳ ತುಟ್ಟಿ ಆತು ಸಾಬ" ಎನ್ನುತ್ತಿದ್ದರು. ಅಪ್ಪ ಕಲಿತ ಕನ್ನಡ ಒಂದೇ ವಾಕ್ಯ: "ಹಾಕ್ಕೊಂಡು ನೋಡ್ರಿ." ಕೊಳ್ಳದವರಿಗೂ ಹಾಗೆಯೇ ಹೇಳುತ್ತಿದ್ದ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಊರಿನ ಗಾಳಿಯಲ್ಲಿ ಆಗಿನ ಗಿರಣಿಯ ವಾಸನೆ ಇತ್ತೋ, ನಾನೇ ತಂದುಕೊಂಡೆನೋ ಗೊತ್ತಿಲ್ಲ. ಕಾರಿನಲ್ಲಿ ಕೂತು ಒಂದಿಷ್ಟು ಹೊತ್ತು ಅಪ್ಪನಿಗಾಗಿ ಹಂಬಲಿಸಿದೆ.

ಹಳಿಯಾಳದಲ್ಲಿ ಗಿರ್ಮಿಟ್, ಮಿರ್ಚಿ ತಿಂದೆ. ಖಾರಕ್ಕೆ ಕಣ್ಣಲ್ಲಿ ಧಾರಾಳವಾಗಿ ನೀರು ಬಂತು. ಅಳುವುದು ಇಷ್ಟು ಸುಲಭವಾಗಿದ್ದರೆ ಒಂದು ಪೊಟ್ಟಣ ಮಿರ್ಚಿ ಕಟ್ಟಿಸಿಕೊಂಡು ಹೋದರಾಯಿತು ಅಂದುಕೊಂಡೆ. ಕಲಘಟಗಿ ದಾಟಿ ಮುಂಡಗೋಡದ ದಾರಿ ಹಿಡಿದ ಮೇಲೆ ಮಾತ್ರ ತಮಾಷೆಯೆಲ್ಲ ಬತ್ತಿಹೋಯಿತು. ಗೋವಿನಜೋಳದ ಹೊಲಗಳು ಶುರುವಾಗಿದ್ದವು.

ತಾಂಡಾದ ಗುಡಿಸಲುಗಳ ಜಾಗದಲ್ಲಿ ಸಿಮೆಂಟಿನ ಮನೆಗಳಿದ್ದವು. ಬೇವಿನ ಮರ ಅದೇ. ಕಾರಿನ ಸದ್ದಿಗೆ ಹೊರಬಂದ ಹೆಂಗಸು ಭೀಮಿಬಾಯಿಯ ಸೊಸೆ ದುರ್ಗಾ. ನಾನು ಊರು ಬಿಟ್ಟು ಎಷ್ಟೋ ಕಾಲದ ಮೇಲೆ ಈ ಮನೆಗೆ ಬಂದವಳು. "ಯಾಡಿ ಫೋಟೋ ತಗೀಲಿಕ್ಕೆ ಬಂದೀರೇನ್ರಿ ಮೇಡಂ? ಕನ್ನಡಿ ಲಂಗಾ ಉಟ್ಟಾಕಿ ಇನ್ನ ಅಕೀ ಒಬ್ಬಾಕಿನ ಉಳದಾಳ" ಎನ್ನುತ್ತ, ನನ್ನ ಉತ್ತರಕ್ಕೂ ಕಾಯದೆ ಪ್ಲಾಸ್ಟಿಕ್ ಕುರ್ಚಿ ತಂದು ಧೂಳು ಒರೆಸಿ ಹಾಕಿದಳು. ನೀರು ಕೊಟ್ಟಳು. ಚಹಾಕ್ಕಿಡಲು ಒಳಗೆ ಹೋದಳು.

ಕುರ್ಚಿ, ನೀರು, ಚಹಾ. ನನ್ನ ಪ್ರಶ್ನೆಗೆ ಉತ್ತರ ಇಷ್ಟು ಬೇಗ ಸಿಗುತ್ತದೆಂದು ಎಣಿಸಿರಲಿಲ್ಲ.

ಭೀಮಿಬಾಯಿ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ಸಣ್ಣವಳಾಗಿಬಿಟ್ಟಿದ್ದಳು. ನನ್ನ ಹೆಜ್ಜೆಯ ಸಪ್ಪಳಕ್ಕೆ ತಿರುಗಿ ಕೈ ಮುಗಿದು, "ನಮಸ್ಕಾರ್ರಿ ಮೇಡಂ, ಕೂಡ್ರಿ" ಎಂದಳು. ನನ್ನ ಜಡೆ ಹಿಡಿದು ಜಗ್ಗಿ ಹೇನು ಹೆಕ್ಕಿದವಳ ಬಾಯಲ್ಲಿ ಆ 'ರೀ' ಕೇಳಲಾಗಲಿಲ್ಲ.

"ಯಾಡಿ, ನಾ ಡೋಲ್ಕರ್" ಎಂದೆ.

"ಕ್ಯಾಂಪಿನವರೇನ್ರಿ? ಸ್ವೆಟರ್ ತಂದೀರೇನ್ರಿ? ನಂಗೇನೂ ಬ್ಯಾಡ್ರಿ, ಇರೂದ ಸಾಕು."

"ಡೋಲ್ಕರ್ ಅಲ್ಲ ಯಾಡಿ. ಡೋಲಕಿ. ನಾ ಡೋಲಕಿ."

ಅವಳು ಮುಖ ತಿರುಗಿಸಿದಳು. ನನಗಲ್ಲ, ಮರಕ್ಕೆ ಹೇಳುವಂತೆ ಹೇಳಿದಳು. "ಡೋಲಕಿ ಬರಾಕ ಆಗೂದಿಲ್ರಿ. ಅಕಿ ಹೋಗೇ ಇಲ್ಲ. ನಾ ಅತ್ನಿ, ಅಕಿ ಅಳಲಿಲ್ಲ. ಅಂಗಳಕ್ಕ ಹೇಳಲಿಲ್ಲ, ಒಲಿಗೆ ಹೇಳಲಿಲ್ಲ. ಹೇಳಲಾರದ ಹೋದ್ರ ಹೋದಂಗ ಹೆಂಗ ಆಗತೈತ್ರಿ? ಇಲ್ಲೇ ಎಲ್ಲರ ಅಡಗ್ಯಾಳ ಅಂತ ನಾ ಎಷ್ಟೋ ದಿನಾ ಗೋವಿನಜೋಳದ ಹೊಲದಾಗ ಹುಡಿಕೀನಿ. ಹೋಗಲಾರದಾಕಿ ಹೊಳ್ಳಿ ಬರೂದು ಹೆಂಗ?"

ನಾನು ಅಷ್ಟು ವರ್ಷ ಹಿಮದ ಊರಿನಲ್ಲಿ ಹಳಿಯ ಮೇಲೆ ಓಡುತ್ತಿದ್ದಾಗ ಈಕೆ ನನ್ನನ್ನು ಜೋಳದ ದಂಟುಗಳ ನಡುವೆ ಹುಡುಕಿದ್ದಳು. ಕುರ್ಚಿ ಬಿಟ್ಟು ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಅವಳ ಕುತ್ತಿಗೆ ತಬ್ಬಿ, ಹೆಗಲ ಮೇಲೆ ತಲೆಯಿಟ್ಟೆ. ಅದೇ ಹೊಗೆಯ, ಬೆಲ್ಲದ ವಾಸನೆ. ಬಾಯಿ ತಾನಾಗಿ ತೆರೆಯಿತು.

ರಾಗ ಎತ್ತಲೋ ಹೋಗುತ್ತಿತ್ತು. ಲಂಬಾಣಿ ಮಾತು ಅರ್ಧ, ಕನ್ನಡ ಅರ್ಧ. ಅಂಗಳವೇ ಹೋಗುತ್ತೇನೆ ಎಂದೆ. ಒಲೆಯೇ, ನಿನ್ನ ಬೂದಿ ಹಣೆಗಿಟ್ಟುಕೊಂಡು ಹೋಗುತ್ತೇನೆ, ಯಾಡಿ, ನನ್ನ ಪಾಲಿನ ರೊಟ್ಟಿ ತೆಗೆದಿಡಬೇಡ, ನಾನು ಹೋಗುತ್ತೇನೆ, ಎಂದೆ. ಥಾವರೆಪ್ಪ ಬಾಪು, ಬೇವಿನ ಮರವೇ, ಹೊಲದ ಹಾದಿಯೇ ಎಂದು ಒಂದೊಂದಕ್ಕೂ ಹೇಳಿದೆ. ಅಮ್ಮ ಬೇಡವೆಂದಳು, ಅದಕ್ಕೇ ಆಗ ಹೇಳಲಿಲ್ಲ, ಅಮ್ಮನೂ ಈಗಿಲ್ಲ ಎಂದೆ.

ಚಹಾ ತಂದ ದುರ್ಗಾ ಬಾಗಿಲಲ್ಲೇ ನಿಂತಳು. "ಅಯ್ಯ ಮೇಡಂ, ತಪ್ಪಾತ್ರಿ! ಇದು ಹೋಗಾಕಿ ಅಳೂ ಹಾಡು. ನೀವು ಈಗ ಬಂದೀರಿ" ಎಂದಳು.

ಜೋಯಿಡಾದ ನೆರಳಿನಲ್ಲಿ ನೆನಪಿಗೆ ಬಂದ ಸಾಲುಗಳು ಇವೇ. ನಾಚಿಕೆಯಾಗಿ ತಡವರಿಸಿದೆ. ಭೀಮಿಬಾಯಿ ಸೊಸೆಗೆ ಸುಮ್ಮನಿರೆಂದು ಕೈ ಮಾಡಿದಳು. ಅದೇ ಕೈಯಿಂದ ನನ್ನ ಬೆನ್ನು ತಟ್ಟಿ, "ಹೊಸ್ತಿಲ ಒಂದು ಉಳದೈತಿ. ಹೊಸ್ತಿಲಕ್ಕೂ ಹೇಳು" ಎಂದಳು.

ಹೊಸ್ತಿಲಿಗೂ ಹೇಳಿದೆ.

ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗು, ಕೆನ್ನೆ, ಕತ್ತರಿಸಿದ ಕೂದಲು ಎಲ್ಲವನ್ನೂ ತಡವಿ ನೋಡಿದಳು. "ಹಾಂ. ಈಗ ಹೋದಂಗಾತು ನೋಡು ನೀ" ಎಂದಳು. "ಇನ್ನ ಬಾ."

ಹಾಗೆಂದು ನನ್ನ ಹೆಗಲ ಮೇಲೆ ತಲೆಯಿಟ್ಟಳು. ಎಲ್ಲಿ ಹೋಗಿದ್ದೆಯೇ ನನ್ನ ಪರದೇಶಿ ಕೂಸೇ ಎಂದು ರಾಗ ಎತ್ತಿ, ಥಾವರೆಪ್ಪ ಹೋದ ಸುದ್ದಿಯಿಂದ ಶುರುಮಾಡಿದಳು. ದುರ್ಗಾ ಚಹಾದ ಕಪ್ಪು ಕಟ್ಟೆಯ ಮೇಲಿಟ್ಟು, ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋದಳು.