ಹೊಗೆ ಇಲ್ಲದ ಫೋಟೊ

ಐವತ್ತಕ್ಕೇ ನಿಲ್ಲಿಸಿದ್ದನೋ ಎಪ್ಪತ್ತರವರೆಗೂ ಎಳೆದಿದ್ದನೋ, ಚಿದಾನಂದನಿಗೆ ಈಗ ಖಚಿತವಿಲ್ಲ, ಎಷ್ಟಾದರೇನು, ಕಂಪ್ಯೂಟರಿನಲ್ಲಿ ಆ ಡಿಹೇಜ್ ಅನ್ನುವ ಸ್ಲೈಡರನ್ನು ಬಲಕ್ಕೆ ಎಳೆದಷ್ಟೂ ಹೊಗೆ ಕರಗುತ್ತಾ ಹೋಗಿತ್ತು, ಮೊದಲು ಎದುರುಮನೆಯ ನೀರಿನ ಟ್ಯಾಂಕು ಬಂತು, ಆಮೇಲೆ ತೆಂಗಿನ ಗರಿಗಳು, ಆಮೇಲೆ ದೂರದಲ್ಲಿ ಹೊಸಕೆರೆಹಳ್ಳಿ ಕೆರೆಯ ಏರಿ, ಕೊನೆಗೆ ಆಕಾಶ, ಆ ಬೆಳಿಗ್ಗೆ ಈ ಬಾಲ್ಕನಿಯಿಂದ ಯಾರಿಗೂ ಕಾಣದಿದ್ದ ನೀಲಿ ಆಕಾಶ — ಈಗ ಅದೇ ಫೋಟೊ ಪ್ರಿಂಟಾಗಿ ಅವನ ತೊಡೆಯ ಮೇಲಿದೆ, ಬೋರಲಾಗಿ, ಈ ಮನೆಗೆ ಬಾಡಿಗೆಗೆ ಬಂದ ಭೀಮಪ್ಪ ಪೆನ್ನು ಹಿಡಿದು ನಿಂತಿದ್ದಾನೆ, ಹಿಂದ ಫೋಟೊ ತಗದ ತಾರೀಕು ಹಾಕಿ ಒಂದು ಸಹಿ ಮಾಡ್ರಿ ಸರ, ಅಷ್ಟ ಸಾಕು. ಸರ ಅನ್ನುತ್ತಾನೆ, ಬಾಡಿಗೆ ಮನೆಗಳ ಫೋಟೊ ತೆಗೆದು ಬ್ರೋಕರ್ ಸುಭಾಷ್‌ಗೆ ಕಳಿಸುವವನನ್ನು ಯಾರು ಸರ ಅನ್ನುತ್ತಾರೆ, ಸುಭಾಷ್ ಅನ್ನುವುದು ಗುರು ಎಂದು, ಗುರು, ಆ ಬಾಲ್ಕನಿ ಫೋಟೊ ನೋಡಿದ್ರೆ ನಂಗೇ ಕೆಮ್ಮು ಬರುತ್ತೆ, ಸ್ವಲ್ಪ ತೊಳ್ದು ಕೊಡು, ಬಾಗಲಕೋಟೆ ಪಾರ್ಟಿ, ನೋಡೋಕೆಲ್ಲ ಬರಲ್ಲ, ವಾಟ್ಸಾಪಲ್ಲೇ ಓಕೆ ಮಾಡ್ತಾರೆ. ಚಿದಾನಂದನೂ ನಕ್ಕಿದ್ದ. ಎಲ್ಲರೂ ಮಾಡುವುದೇ, ಗೋಡೆಯ ತೇವ ಅಳಿಸುವುದು, ಕೋಣೆಯನ್ನು ಅಗಲ ಮಾಡಿ ತೋರಿಸುವುದು, ಮಂಜಿದ್ದರೆ ತಿಳಿಗೊಳಿಸುವುದು, ಮಂಜು ಅಂದುಕೊಂಡೇ ಎಳೆದೆನಲ್ಲವೇ — ಇಲ್ಲ, ಮಂಜಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇರುವುದಿಲ್ಲ, ಕ್ಯಾಮೆರಾ ಹಿಡಿದಾಗ ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ, ಕೆಳಗಿನ ಖಾಲಿ ಸೈಟಿನಲ್ಲಿ ತಾಮ್ರಕ್ಕಾಗಿ ಹಳೇ ವೈರುಗಳನ್ನು ಸುಡುತ್ತಿದ್ದರು, ಬಗ್ಗಿ ನೋಡಿದ್ದ.

ಒಳಗೆ ಪ್ರಿಯಾಂಕಾ ಕೆಮ್ಮುತ್ತಾಳೆ, ಭೀಮಪ್ಪನ ಆರು ವರ್ಷದ ಮಗಳು, ಪ್ರತಿ ಕೆಮ್ಮಿನ ತುದಿಗೂ ಸಣ್ಣ ಸಿಳ್ಳು, ಅವಳ ತಾಯಿ ಪಾರವ್ವ ಚಹಾ ತಂದಿಟ್ಟು ಬಾಗಿಲ ಬಳಿಯೇ ನಿಂತಿದ್ದಾಳೆ, ಊರಾಗ ಇಕಿಗೆ ಏನೂ ಇರಲಿಲ್ಲರಿ ಅಣ್ಣಾರ, ಇಲ್ಲೆ ಬಂದ ಎರಡ ತಿಂಗಳಿಗೆ ದಿನಾ ಮೂಗಿಗೆ ಮಷಿನ್ ಇಡೂ ಹಂಗಾತು. ಚಹಾ ಸಿಹಿಯಾಗಿದೆ, ಕುಡಿದಾಗಿದೆ, ಕುಡಿಯಬಾರದಿತ್ತು. ಭೀಮಪ್ಪ ಇನ್ನೊಮ್ಮೆ ಹೇಳುತ್ತಾನೆ, ನಾಳೆ ವಾರ್ಡ್ ಆಫೀಸಿಗೆ ಆ ವೈರ್ ಸುಡಾಂವನ್ನೂ ನಮ್ಮನ್ನೂ ಕರದಾರ್ರಿ, ಅಂವ ಅಂತಾನ ಹತ್ತು ವರ್ಷದಿಂದ ಸುಡಾಕತ್ತೀನಿ, ಹೊಗಿ ಕಂಡ ಬಂದಾರ, ಈಗ ನಾಟಕಾ ಮಾಡ್ತಾರ ಅಂತ, ನಾ ಅಂದೆ, ಹೊಗಿ ನಾವು ಬಂದ ಮ್ಯಾಲ ಶುರುವಾಗೈತಿ, ಸಾಕ್ಷಿ ಐತಿ ಅಂತ, ಮನಿಷಾ ಸುಳ್ಳು ಹೇಳಬೋದು, ಫೋಟೊ ಹೇಳತೈತೇನ್ರಿ ಸರ? ಇಷ್ಟು ನಂಬಿಕೆಯನ್ನು ಇವರು ಎಲ್ಲಿಂದ ತಂದರು, ಒಂದು ಬೈಗುಳವಾದರೂ ಇದ್ದಿದ್ದರೆ, ನಿಮ್ಮ ಫೋಟೊ ನೋಡಿ ಮೋಸಹೋದೆವು ಎಂದು ಕಾಲರ್ ಹಿಡಿದಿದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತೇನೋ, ಹಿಡಿಯುವುದಿಲ್ಲ, ಕುರ್ಚಿ ಕೊಡುತ್ತಾರೆ, ಫ್ಯಾನನ್ನು ಇವನ ಕಡೆಗೆ ತಿರುಗಿಸುತ್ತಾರೆ. ಅಸಲಿ ಫೋಟೊ ಇನ್ನೂ ಕಂಪ್ಯೂಟರಿನಲ್ಲೇ ಇದೆ, ಬೆಂಕಿಯಿಂದ ಎದ್ದ ಹೊಗೆ ಬಾಲ್ಕನಿಯ ಸರಳುಗಳವರೆಗೂ ಬಂದದ್ದು ಅದರಲ್ಲಿ ಹಾಗೇ ಇದೆ, ಅದನ್ನು ಕೊಟ್ಟರೆ ಸುಡುವವನ ವಿರುದ್ಧ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ, ಇದನ್ನು ಕೊಟ್ಟರೆ ಅಕ್ಕಪಕ್ಕದವರು ಯಾರಾದರೂ ಎದ್ದು ಹೊಗೆ ಆವಾಗಲೂ ಇತ್ತಲ್ಲ ಸಾರ್ ಅಂದಾಗ ಸುಳ್ಳನಾಗುವವನು ಭೀಮಪ್ಪ, ಆಮೇಲೆ ಈ ಮಗುವಿನ ಕೆಮ್ಮನ್ನೂ ಯಾರೂ ನಂಬುವುದಿಲ್ಲ — ಎಲ್ಲ ಗೊತ್ತಾಗುತ್ತಿದೆ, ಗೊತ್ತಾಗುತ್ತಲೇ ಬೆರಳು ಪೆನ್ನಿನ ಮುಚ್ಚಳ ತೆಗೆಯುತ್ತಿದೆ, ಯಾಕೆಂದರೆ ಪಾರವ್ವ ನೋಡುತ್ತಿದ್ದಾಳೆ, ಯಾಕೆಂದರೆ ನಿಜ ಹೇಳಿದ ಮರುಕ್ಷಣವೂ ಅವಳು ನೋಡುತ್ತಲೇ ಇರುತ್ತಾಳೆ, ಆ ನೋಟದ ಎದುರು ಎದ್ದು ಬಾಗಿಲವರೆಗೆ ನಡೆಯಬೇಕು. ತಾರೀಕು ಬರೆಯುತ್ತಾನೆ, ಅದೊಂದು ನಿಜ. ಕೆಳಗೆ ಹೆಸರು, ಪೂರ್ತಿ ಹೆಸರು. ಭೀಮಪ್ಪ ಎರಡೂ ಕೈಯಲ್ಲಿ ಇಸಿದುಕೊಂಡು ಇಂಕು ಆರಲಿ ಎಂದು ಊದುತ್ತಾನೆ, ಒಳಗೆ ಮಷಿನ್ ಗುಂಯ್ ಅನ್ನಲು ಶುರುವಾಗುತ್ತದೆ. ಆ ದಿನವೂ ಹೊಗೆ ಇತ್ತು, ಅಳಿಸಿದವನು ನಾನು ಎಂದು ಚಿದಾನಂದ ಹೇಳಲಿಲ್ಲ.