ಮೆತ್ತಗಿನ ಸೈಲೆನ್ಸರ್

"ಇದಕ್ಕಿಂತ ಜೋರಾಗಿರೋದು ಇಲ್ವಾ?"

ಫಿಟ್ಟರ್ ಪಿಕಪ್ಪಿನ ಅಡಿಯಿಂದ ತಲೆ ಹೊರಗೆ ಹಾಕಿದ. "ಸಾರ್, ಇದು ಕಾಲೇಜು ಹುಡುಗ್ರು ಹಾಕಿಸ್ಕೊಳ್ಳೋ ಸೈಲೆನ್ಸರ್. ಇದಕ್ಕಿಂತ ಜೋರು ಬೇಕಂದ್ರೆ ನೀವು ವಿಮಾನಾನೇ ತಗೋಬೇಕು."

ಎರಡೂ ಕಿವಿಗೆ ಬೆರಳು ತುರುಕಿಕೊಂಡು ನಿಂತಿದ್ದ ಗಿಡದಮ್ಮನಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು. ಸಸಿ ಬೆಳೆಸಿ ಮಾರುವ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಆ ಸಸಿಗಳನ್ನು ಮನೆಮನೆಗೆ ಮುಟ್ಟಿಸುವವನು ಅವಳ ಗಂಡ. ಅವರ ಪಿಕಪ್ಪಿನ ಹಳೆಯ ಪೈಪು ತುಕ್ಕು ಹಿಡಿದು ತೂತಾಗಿ, ಮಲಗಿಸಿದ ಕೂಸುಗಳೆಲ್ಲ ಎದ್ದು ಅಳುವಷ್ಟು ಗುಡುಗುತ್ತಿತ್ತು. ಬೀದಿಯವರ ಬೈಗುಳ ತಾಳಲಾರದೆ ಹೊಸದು ಹಾಕಿಸಲು ಬಂದರೆ, ಈತ ಸದ್ದನ್ನೇ ಕೊಳ್ಳಲು ನಿಂತಿದ್ದಾನೆ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಇವನಿಗೆ ಐವತ್ತೈದಕ್ಕೇ ಶುರುವಾಯಿತೇ?

ಕೇಳೋಣವೆಂದರೆ ಮಾತೆಲ್ಲಿದೆ? ಅಳಿಯನನ್ನು ಗೊತ್ತು ಮಾಡುವಾಗ ಅವಳು ಹಟ ಹಿಡಿದದ್ದು ಅವನಿಗೆ ಹಿಡಿಸಿರಲಿಲ್ಲ. ಮಗಳ ಮದುವೆಯಾದಾಗಿನಿಂದ, ಗಾಡಿಯಲ್ಲಿ ಪಕ್ಕದಲ್ಲೇ ಕೂತು ಏನು ಹೇಳಿದರೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಮಲಗಿದಾಗ ಮೆಲ್ಲಗೆ ಏನಾದರೂ ಕೇಳಿದರೂ ಹಾಂ ಇಲ್ಲ, ಹೂಂ ಇಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು, ಈ ಮೌನ ಅವಳನ್ನು ಒಳಗೊಳಗೇ ಕೊರೆದುಬಿಟ್ಟಿತ್ತು. ಇನ್ನು ಸಾಕು, ಅಕ್ಕನ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದು ಇವತ್ತು ಹೇಳಿಯೇ ಬಿಡುವವಳಿದ್ದಳು.

"ಮೆತ್ತಗಿರೋದೂ ಒಂದ್ಸಲ ಕೇಳಿಬಿಡಿ," ಎಂದ ಫಿಟ್ಟರ್. ಹಾಕಿದ್ದ ಜೋರು ಸೈಲೆನ್ಸರ್ ಬಿಚ್ಚಿ, ದಪ್ಪ ಹೊಟ್ಟೆಯ ಸೈಲೆನ್ಸರೊಂದನ್ನು ರಬ್ಬರ್ ಕೊಂಡಿಗಳಿಗೆ ನೇತು ಹಾಕಿ, ಕೈಗೆ ಬಟ್ಟೆ ಸುತ್ತಿಕೊಂಡು ಕ್ಲಾಂಪ್ ಬಿಗಿದ. ಎದ್ದು ಬಂದು ಕೀ ತಿರುಗಿಸಿದ. ಇಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು.

ಗಂಡ ಪೈಪಿನ ಬಾಯನ್ನೇ ನೋಡುತ್ತಾ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಸ್ಟಾರ್ಟ್ ಮಾಡಿಲ್ವೇನಪ್ಪಾ?" ಎಂದ.

ಫಿಟ್ಟರ್ ತಮಾಷೆಯೆಂದು ನಕ್ಕ. ಗಿಡದಮ್ಮ ನಗಲಿಲ್ಲ. ಗಂಡ ಗಾಡಿಯ ಪಕ್ಕೆಗೆ ಅಂಗೈ ಒತ್ತಿ, ಮಗುವಿನ ಜ್ವರ ನೋಡುವವನ ಹಾಗೆ, ಅದರ ನಡುಕ ಹುಡುಕುತ್ತಿದ್ದ.

"ರೀ," ಎಂದಳು, ಅವನ ಎಡಕ್ಕೆ ನಿಂತು. ಅವನು ಅಲುಗಲಿಲ್ಲ. ಸುತ್ತಿ ಬಲಕ್ಕೆ ಬಂದು ಮತ್ತೆ ಅಷ್ಟೇ ದನಿಯಲ್ಲಿ, "ರೀ."

"ಏನೇ?" ತಟ್ಟನೆ ತಿರುಗಿದ.

ಗಾಡಿಯಲ್ಲಿ ಅವಳು ಕೂರುವುದು ಅವನ ಎಡಕ್ಕೆ. ಮಲಗುವುದೂ ಎಡಕ್ಕೆ.

"ಯಾವಾಗಿಂದ ಕಿವಿ ಕೇಳ್ತಿಲ್ಲ ನಿಮಗೆ?"

ಬೆಣ್ಣೆ ಕದ್ದು ಸಿಕ್ಕಿಬಿದ್ದ ಮಗುವಿನಂತಾಯಿತು ಅವನ ಮುಖ. "ಎಡದ್ದು ಪೂರ್ತಿ ಹೋಗಿದೆ. ಬಲದ್ದು ಅರ್ಧಂಬರ್ಧ. ಇಂಜಿನ್ ಸದ್ದು ಕೇಳ್ದೆ ಗೇರ್ ಹಾಕೋಕೆ ಗೊತ್ತಾಗಲ್ಲ ಕಣೇ. ಹಳೇ ಪೈಪು ತೂತಾದ್ಮೇಲೆ ಎಷ್ಟು ಚೆನ್ನಾಗಿ ಕೇಳ್ತಿತ್ತು ಗೊತ್ತಾ? ನಿನಗೆ ಹೇಳಿದ್ರೆ ಕೀ ಕಿತ್ಕೋತೀಯ ಅಂತ ಸುಮ್ನಿದ್ದೆ."

"ಹಾಗಾದ್ರೆ ನನ್ಮೇಲೆ ಮುನಿಸಿಲ್ವಾ? ಅಳಿಯನ ವಿಷ್ಯಕ್ಕೆ?"

"ಅಯ್ಯೋ, ಆ ಹುಡುಗ ಚಿನ್ನದಂಥವನು. ನೀನೇ ನನ್ಹತ್ರ ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ, ಹುಚ್ಚೀ."

ಹೋದ ಜೀವ ಬಂದಂತಾಯಿತು ಅವಳಿಗೆ. ಅಳು ಬರಬೇಕಾದಲ್ಲಿ ನಗು ಬಂತು. ಗಾಡಿಗೆ ಒರಗಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೆತ್ತಗಿರೋದನ್ನೇ ಬಿಗಿ ಮಾಡಪ್ಪಾ," ಎಂದಳು ಫಿಟ್ಟರಿಗೆ. "ಇವರ ಕಿವಿ ನೋಡೋಕೆ ಡಾಕ್ಟ್ರಿದ್ದಾರೆ. ಬೀದಿಯವರ ಕಿವಿ ಯಾಕೆ ಕೆಡಿಸ್ಬೇಕು?"

ಫಿಟ್ಟರ್ ಬೋಲ್ಟುಗಳನ್ನೆಲ್ಲ ಬಿಗಿದು, ಹೊಗೆ ಸೋರುತ್ತಿಲ್ಲವೆಂದು ಕ್ಲಾಂಪಿನ ಸುತ್ತ ಕೈಯಾಡಿಸಿ ನೋಡಿ, ಸರಿಯಾಗಿದೆಯೆಂದು ತಲೆಯಾಡಿಸಿದ. ಗಂಡನಿಗೆ ಬೆನ್ನು ನೋವಿದ್ದ ದಿನಗಳಲ್ಲಿ ಗಾಡಿ ಓಡಿಸಿ ರೂಢಿಯಿದ್ದ ಗಿಡದಮ್ಮ, ಕೀ ಇಸಿದುಕೊಂಡು ಸ್ಟಿಯರಿಂಗ್ ಹಿಂದೆ ಕೂತಳು.

"ನೋಡಪ್ಪಾ, ಕಿತ್ಕೊಂಡೇ ಬಿಟ್ಲು," ಎಂದು ಫಿಟ್ಟರಿಗೆ ದೂರು ಹೇಳಿ, ಗಂಡ ಎಡಗಡೆಯ ಸೀಟಿಗೆ ಹತ್ತಿದ. ಅವನ ಬಲಗಿವಿ ಈಗ ಅವಳ ಕಡೆಗಿತ್ತು.

ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಅವಳು ಮಗಳು ಅತ್ತೆಮನೆಯಲ್ಲಿ ಮೊದಲ ದಿನ ಹಾಲು ಸೀಯಿಸಿ ಅತ್ತಿದ್ದನ್ನು ಹೇಳತೊಡಗಿದಳು. ಬೀದಿಯ ತಿರುವು ಬಂತು. ಮಾತು ನಿಲ್ಲಿಸಿ ಗೇರ್ ಬದಲಿಸಿದಳು.

"ಆಮೇಲೆ?" ಎಂದ ಅವನು.