ಗೆದ್ದ ಕುದುರೆಯ ಕಡಿವಾಣ

ಪೆದ್ದಣ್ಣ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಟೈಲರ್. ಹೊಟ್ಟೆಗೆ ಮಿಷನ್ನು, ಆಸೆಗೆ ಕುದುರೆ. ಕುದುರೆಯ ಹೆಸರು ಪಂಚಮಿ. ಬೆಳುಗುಪ್ಪದ ಗಾಡಿ ಓಟದಲ್ಲಿ ಅವಳನ್ನು ಒಮ್ಮೆಯಾದರೂ ಗೆಲ್ಲಿಸಬೇಕೆಂದು ಅವನು ವರ್ಷಗಳಿಂದ ಹಟ ಹಿಡಿದಿದ್ದ. ಈ ಸಲದ ಓಟಕ್ಕೆ ವಾರವಷ್ಟೇ ಉಳಿದಿತ್ತು.

ಆ ಹೊತ್ತಿಗೇ ಡಿ. ಹಿರೇಹಾಳ್ ಕಡೆ ಕುದುರೆಗಳಿಗೆ ಕೆಮ್ಮು ಶುರುವಾಯಿತು. ಹೆಂಡತಿ ಬಾಲಮ್ಮನದು ಒಂದೇ ಮಾತು: "ಕೆಮ್ಮು ಬರದಂಗ ಪಂಚಮಿಗೆ ಲಸಿಕಿ ಸೂಜಿ ಹಾಕಿಸ್ರಿ."

"ಸೂಜಿ ಹಾಕಿಸಿದ್ರ ಕುದುರಿ ಮಂದ ಆಗ್ತೈತಿ. ಗಾಡಿ ಓಡಿಸೋರೆಲ್ಲ ಅದನ್ನ ಹೇಳ್ತಾರ. ನಿನಗೇನು ಗೊತ್ತು?"

"ನನಗ ಗೊತ್ತಿಲ್ಲ, ಖರೇನ. ಗೊತ್ತಿದ್ದೋರನ್ನ ಕೇಳೋಣ ಬರ್ರಿ."

ಪೆದ್ದಣ್ಣ ಕೇಳುವ ಆಸಾಮಿಯಲ್ಲ. ಅವನ ಗೆಳೆಯರ ಗುಂಪಿನಲ್ಲಿ ಬೇರೆಯದೇ ಔಷಧ ಇತ್ತು. ಗೆದ್ದ ಕುದುರೆಯ ಕಡಿವಾಣ ತಂದು ನಮ್ಮ ಕುದುರೆಯ ಬಾಯಿಗೆ ಹಾಕಿದರೆ ಆ ಓಟ ಇದಕ್ಕೂ ಬರುತ್ತದಂತೆ! ಹಿಂದಿನ ಓಟದಲ್ಲಿ ಗೆದ್ದದ್ದು ರಾಮಾಂಜಿನೇಯನ ಕುದುರೆ. ಅದರ ಕಡಿವಾಣವನ್ನು ಹಿರೇಹಾಳಿನ ಬೋರಪ್ಪ ಮೊದಲೇ ಒಯ್ದು ತನ್ನ ಕುದುರೆಗೆ ಹಾಕಿದ್ದ. ಪೆದ್ದಣ್ಣ ಬೈಕ್ ಹತ್ತಿ ಹೋಗಿ ಅದನ್ನು ಬೋರಪ್ಪನ ಮನೆಯಿಂದ ಇಸಿದುಕೊಂಡು ಬಂದ. ಮುಖದಲ್ಲಿ ಆಗಲೇ ಓಟ ಗೆದ್ದ ಕಳೆ.

ಅಂಗಳದಲ್ಲಿ ಪಶುವೈದ್ಯೆ ವಿಜಯಲಕ್ಷ್ಮಿ ಪಂಚಮಿಯ ಪಕ್ಕ ನಿಂತಿದ್ದರು. ಬಾಲಮ್ಮ ಫೋನ್ ಮಾಡಿ ಕರೆಸಿದ್ದಳು.

"ಯಾರ ಕಡಿವಾಣ ಅದು, ಪೆದ್ದಣ್ಣಾರ?" ಡಾಕ್ಟರು ಕೇಳಿದರು.

"ರಾಮಾಂಜಿನೇಯನ ಕುದುರಿದು, ಡಾಕ್ಟ್ರಮ್ಮ. ಬೋರಪ್ಪನ ಮನ್ಯಾಗಿತ್ತು."

"ಬಾಯಿಗೆ ಹಾಕಬ್ಯಾಡ್ರಿ! ಬೋರಪ್ಪನ ಕುದುರಿ ನಿನ್ನೆಯಿಂದ ಕೆಮ್ಮಾಕ ಹತ್ತೈತಿ. ಮೈ ಸುಡತೈತಿ, ಮೇವು ಬಿಟ್ಟೈತಿ. ವೈರಸ್ ಜ್ವರ ಅದು. ಕೆಮ್ಮಿದ್ರೂ ಹಬ್ಬತೈತಿ, ಸಿಂಬಳ ಹತ್ತಿದ ಸಾಮಾನಿನಿಂದಾನೂ ಹಬ್ಬತೈತಿ."

ಪೆದ್ದಣ್ಣನ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಅಂದ್ರೂ ಸೂಜಿ ಹಾಕಿಸಿದ್ರ ಓಟ ಹೋಗ್ತೈತಲ್ರಿ?"

"ಈ ಕಡಿವಾಣ ಯಾಕ ತಂದ್ರಿ?"

"ಆ ಕುದುರಿ ಗೆದ್ದೈತಲ್ರಿ!"

"ಆ ಕುದುರಿಗೆ ಈ ಜ್ವರದ ಎರಡೂ ಸೂಜಿ ನಾನ ಹಾಕೀನಿ. ಓಟಕ್ಕಿಂತ ಮೊದಲ."

ಪೆದ್ದಣ್ಣ ಕಟ್ಟೆಯ ಮೇಲೆ ಕೂತುಬಿಟ್ಟ. "ರಾಮಾಂಜಿನೇಯ ಹೇಳಲೇ ಇಲ್ಲ ನೋಡ್ರಿ."

"ನೀವು ಕೇಳಿದ್ರೇನು?" ಎಂದಳು ಬಾಲಮ್ಮ.

ಡಾಕ್ಟರು ಬಿಡಿಸಿ ಹೇಳಿದರು. "ಸೂಜಿ ಹಾಕಿಸಿದ ಮರುದಿನ ಗಾಡಿ ಕಟ್ಟಿದ್ರ ಯಾವ ಕುದುರಿ ಓಡ್ತೈತಿ? ಒಂದೆರಡು ದಿನ ಮೈ ಬಿಸಿ ಇರಬಹುದು, ಕುತ್ತಿಗಿ ನೋಯಬಹುದು. ಅದನ್ನ ನೋಡಿ ಜನ ಓಟ ಹೋತು ಅಂತಾರ. ಕೆಲವು ದಿನ ಆರಾಮ ಕೊಡ್ರಿ, ಮೊದಲಿನಂಗ ಓಡ್ತೈತಿ. ಓಟ ಕಳೆಯೋದು ಈ ಜ್ವರ. ಕೆಮ್ಮೋ ಕುದುರೀನ ಓಡಿಸಿದ್ರ ಶ್ವಾಸಕೋಶ ಹಾಳಾಗ್ತೈತಿ, ಜೀವಕ್ಕೂ ಕುತ್ತು."

"ಬೆಳುಗುಪ್ಪದ ಓಟ?"

"ಈ ಸಲ ಬಿಡ್ರಿ. ಇವತ್ತೊಂದು ಸೂಜಿ, ತಿಂಗಳ ಮ್ಯಾಲ ಇನ್ನೊಂದು. ಅಲ್ಲೀವರೆಗೂ ಬ್ಯಾರೆ ಕುದುರಿಗಳ ಹತ್ರ ಬಿಡಬ್ಯಾಡ್ರಿ."

ಪೆದ್ದಣ್ಣ ಕಡಿವಾಣವನ್ನು ದೂರವಿಟ್ಟು, ಕೈ ಚೆನ್ನಾಗಿ ತೊಳೆದುಕೊಂಡು ಬಂದ. ಪಂಚಮಿ ಅವನ ಭುಜಕ್ಕೆ ಮೂತಿ ಉಜ್ಜಿದಳು. ಅವಳ ಕುತ್ತಿಗೆ ಸವರಿ, "ಹಾಕ್ರಿ ಡಾಕ್ಟ್ರಮ್ಮ," ಎಂದ. ಬಾಲಮ್ಮ ಕಡಿವಾಣವನ್ನು ಸೋಪು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟಳು. ಓಟದ ದಿನ ಪೆದ್ದಣ್ಣ ಮಿಷನ್ನು ಬಿಟ್ಟು ಏಳಲಿಲ್ಲ.

ಮರುವರ್ಷ, ಹೊತ್ತಿಗೆ ಸರಿಯಾಗಿ ಮತ್ತೊಂದು ಸೂಜಿ ಹಾಕಿಸಿಕೊಂಡ ಪಂಚಮಿ ಬೆಳುಗುಪ್ಪದಲ್ಲಿ ಗೆದ್ದಳು. ಪೆದ್ದಣ್ಣನ ಕಣ್ಣಲ್ಲಿ ನೀರು. ಬೋರಪ್ಪ ಜನರ ನಡುವೆ ನುಗ್ಗಿ ಬಂದ. ಹೋದ ವರ್ಷದ ಜ್ವರದಿಂದ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ನಿಂತಿದ್ದ ಅವನ ಕುದುರೆ ಈಚೆಗಷ್ಟೇ ಚೇತರಿಸಿಕೊಂಡಿತ್ತು.

"ಅಣ್ಣಾ, ನಿನ್ನ ಕಡಿವಾಣ ಕೊಡು!"

"ಕಡಿವಾಣ ಕೊಡಂಗಿಲ್ಲಪ್ಪ," ಎಂದ ಪೆದ್ದಣ್ಣ. "ಡಾಕ್ಟ್ರಮ್ಮನ ನಂಬರ್ ಕೊಡ್ತೀನಿ, ಬರ್ಕೋ."

ಕುದುರೆ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಓಟ ಹತ್ತಿರ ಬರುವ ತನಕ ಕಾಯಬೇಡಿ. ಸಾಕಷ್ಟು ಮೊದಲೇ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಷ್ಟು ದಿನ ಆರಾಮ ಕೊಡಿ. ಕೆಮ್ಮುವ ಕುದುರೆಯನ್ನು ಬೇರೆ ಕಟ್ಟಿ. ಕಡಿವಾಣ, ನೀರಿನ ಬಕೆಟ್ಟು ಹಂಚಿಕೊಳ್ಳಬೇಡಿ. ಗೆದ್ದ ಕುದುರೆಯಿಂದ ಕೇಳಿ ಪಡೆಯಬೇಕಾದದ್ದು ಒಂದೇ: ಅದಕ್ಕೆ ಸೂಜಿ ಹಾಕಿದ ಡಾಕ್ಟರ ನಂಬರು.